ಯಂತ್ರಕ್ಕೆ ಮುನ್ನ ರಟ್ಟಿನ ಪೆಟ್ಟಿಗೆ

ಕಾರ್ಖಾನೆಗೆ ಹೊಸ ಯಂತ್ರ ಬರುವುದೆಂಬ ಸುದ್ದಿ ಹಬ್ಬಿತೆಂದರೆ ಮಾಲೀಕರ ಮನೆಯಲ್ಲಿ ಲಾಭದ ಲೆಕ್ಕಾಚಾರ. ಕೆಲಸಗಾರರ ಮನೆಯಲ್ಲಿ ಅನ್ನದ ಚಿಂತೆ. ಯಂತ್ರವೇ ಬೇಡವೆಂದು ಹಟ ಹಿಡಿದರೆ ಉದ್ಯಮ ಹಿಂದುಳಿಯುವುದು. ಯಂತ್ರವೊಂದೇ ಸಾಕೆಂದರೆ ಮನುಷ್ಯನ ಗತಿಯೇನು? ಈ ಇಕ್ಕಟ್ಟಿನಿಂದ ಪಾರಾಗಲು ಉತ್ತರ ಯೂರೋಪಿನ ಪುಟ್ಟ ದೇಶಗಳು ಹುಡುಕಿದ ದಾರಿ ಕುತೂಹಲಕರವಾಗಿದೆ.

ನಾರ್ವೆಯ ಕ್ರಿಸ್ಟೆನ್ ನೈಗಾರ್ಡ್ ಸಾಮಾನ್ಯ ಮನುಷ್ಯನಲ್ಲ. 1960ರ ದಶಕದಲ್ಲಿ ಓಲೆ-ಯೋಹಾನ್ ಡಾಲ್ ಎಂಬ ಸಂಗಡಿಗನೊಡನೆ ಆತನು ರಚಿಸಿದ ‘ಸಿಮ್ಯುಲಾ’ ಇಂದಿನ ಅನೇಕ ಗಣಕಭಾಷೆಗಳಿಗೆ ಮೂಲಮಾದರಿ. ಆದರೆ ಗಣಕಯಂತ್ರದ ಪಂಡಿತನಾದ ಆತನನ್ನೇ ಒಂದು ಪ್ರಶ್ನೆ ಕಾಡಿತು: ಈ ಯಂತ್ರದ ಲಗಾಮು ಯಾರ ಕೈಯಲ್ಲಿರಬೇಕು? 1971ರಲ್ಲಿ ಆತನು ಕಬ್ಬಿಣ ಮತ್ತು ಲೋಹ ಕಾರ್ಮಿಕರ ಸಂಘದೊಡನೆ ಕೂಡಿ ಅಧ್ಯಯನಕ್ಕಿಳಿದನು. ತಜ್ಞರು ವರದಿ ಬರೆದು ಬೀರುವಿನಲ್ಲಿಟ್ಟರೆ ಕಾರ್ಮಿಕನಿಗೆ ಬಂದ ಭಾಗ್ಯವೇನು? ಆದುದರಿಂದ ಕಾರ್ಮಿಕರು ತಾವೇ ವಿಷಯವನ್ನು ಕಲಿತು, ತಮ್ಮ ತಮ್ಮ ಕಾರ್ಖಾನೆಗಳಲ್ಲಿ ಕೈಗೊಳ್ಳುವ ಕ್ರಮಗಳೇ ಅಧ್ಯಯನದ ನಿಜವಾದ ಫಲವೆಂದು ನಿರ್ಧರಿಸಲಾಯಿತು.

1975ರಲ್ಲಿ ಅಲ್ಲಿಯ ಕಾರ್ಮಿಕ ಒಕ್ಕೂಟಕ್ಕೂ ಮಾಲೀಕರ ಒಕ್ಕೂಟಕ್ಕೂ ಒಪ್ಪಂದವಾಯಿತು. ಗಣಕ ವ್ಯವಸ್ಥೆಯನ್ನು ತರುವ ಮುನ್ನವೇ ಕೆಲಸಗಾರರಿಗೆ, ಅವರಿಗರ್ಥವಾಗುವ ಮಾತಿನಲ್ಲಿ, ಅದನ್ನು ತಿಳಿಸತಕ್ಕದ್ದು; ಈ ವಿಷಯವನ್ನು ನೋಡಿಕೊಳ್ಳಲು ಅವರು ತಮ್ಮದೇ ಪ್ರತಿನಿಧಿಯನ್ನು ಆರಿಸಬಹುದು.

ಇನ್ನೂ ಸ್ವಾರಸ್ಯವಾದುದು 1981ರಲ್ಲಿ ಆರಂಭವಾದ ‘ಯುಟೋಪಿಯ’ ಯೋಜನೆ. ವೃತ್ತಪತ್ರಿಕೆಯ ಪುಟಗಳನ್ನು ಪರದೆಯ ಮೇಲೆಯೇ ಕಟ್ಟುವ ಕಾಲ ಬಂದಿದ್ದಿತು. ಕೈಚಳಕವನ್ನೇ ನಂಬಿದ್ದ ಮುದ್ರಣ ಕಾರ್ಮಿಕರಿಗೆ ಇದು ಜೀವನದ ಪ್ರಶ್ನೆ. ಸಂಶೋಧಕರು ಅವರನ್ನು ಕರೆದು ಕೂರಿಸಿ, ರಟ್ಟು ಮತ್ತು ಪ್ಲೈವುಡ್ಡಿನಲ್ಲಿ ಹುಸಿ ಯಂತ್ರಗಳನ್ನು ಸಿದ್ಧಪಡಿಸಿದರು. ಬರಿಯ ರಟ್ಟಿನ ಪೆಟ್ಟಿಗೆಯೇ ಮುದ್ರಕವಾಯಿತು! ಕಾರ್ಮಿಕರು ಅದರೆದುರು ಕೆಲಸದ ಅಭಿನಯ ಮಾಡುತ್ತ, ಎಲ್ಲಿ ತೊಡಕಾಗುವುದೆಂದು ಹೇಳಿದರು. ರಟ್ಟನ್ನು ಕತ್ತರಿಸಿ ತಿದ್ದುವುದು ಸುಲಭ. ಕೋಟಿಗಟ್ಟಲೆ ಹಣ ಸುರಿದ ಮೇಲೆ ಯಂತ್ರವನ್ನು ತಿದ್ದುವುದು ಸುಲಭವೆ?

ಆ ಯೋಜನೆಯಿಂದ ಹುಟ್ಟಿದ ಯಂತ್ರ ಮಾರುಕಟ್ಟೆಯನ್ನು ಗೆಲ್ಲಲಿಲ್ಲ, ನಿಜ. ಆದರೆ ಆ ವಿಧಾನ ದೇಶದೇಶಗಳಿಗೆ ಹಬ್ಬಿತು. ಯಂತ್ರದ ಸದ್ದಿನಲ್ಲಿಯೇ ಅದರ ರೋಗವನ್ನು ಗುರುತಿಸುವ ಕೆಲಸಗಾರನ ಅರಿವು ಯಾವ ನಕ್ಷೆಯಲ್ಲಿಯೂ ಇರುವುದಿಲ್ಲ. ಆತನನ್ನು ಕೇಳದೆ ತಂದ ಯಂತ್ರ ಆ ಅರಿವನ್ನು ಕಳೆದುಕೊಳ್ಳುತ್ತದೆ. ಆತನು ವಿಶ್ವಾಸವನ್ನು ಕಳೆದುಕೊಳ್ಳುತ್ತಾನೆ.

ಕೃತಕ ಬುದ್ಧಿಮತ್ತೆಯೇ ಕಾರ್ಖಾನೆಯ ಬಾಗಿಲು ತಟ್ಟುತ್ತಿರುವ ಈ ದಿನಗಳಲ್ಲಿ, ಬಾಗಿಲು ತೆರೆಯುವ ಮುನ್ನ ಒಳಗಿರುವವರನ್ನು ಒಂದು ಮಾತು ಕೇಳುವುದು ವಿವೇಕವಲ್ಲವೆ?