ಹಳೆಯ ಯಂತ್ರಸುತ್ತಿಗೆಗೆ ಹೊಸ ಬಾಳು

ಕಾದು ಕೆಂಪಾದ ಕಬ್ಬಿಣವು ಮೆತ್ತಗಿರುವುದು ಸ್ವಲ್ಪ ಹೊತ್ತು ಮಾತ್ರ. ಆ ಅವಧಿಯೊಳಗೆ ಎಷ್ಟು ಪೆಟ್ಟು ಬಿದ್ದರೆ ಅಷ್ಟು ಕೆಲಸ. ಕಮ್ಮಾರನು ಇಕ್ಕಳ ಹಿಡಿದು ಕುಳಿತರೆ ಸಮ್ಮಟಿಗೆ ಬೀಸಲು ಮತ್ತೊಬ್ಬನು ಬೇಕು. ಆ ಮತ್ತೊಬ್ಬನ ಸ್ಥಾನದಲ್ಲಿ ನಿಲ್ಲಲೆಂದೇ ಹುಟ್ಟಿದುದು ಯಂತ್ರಸುತ್ತಿಗೆ.

ಇವುಗಳಲ್ಲಿ ಹೆಸರಾದುದು ಅಮೆರಿಕದ ಮಿನ್ನೆಸೋಟ ಸಂಸ್ಥಾನದ ಮ್ಯಾಂಕೇಟೊ ನಗರದಲ್ಲಿ ತಯಾರಾದ ‘ಲಿಟ್ಲ್ ಜೈಂಟ್’, ಎಂದರೆ ಪುಟ್ಟ ದೈತ್ಯ. 20ನೆಯ ಶತಮಾನದ ಮೊದಲ ದಶಕಗಳಲ್ಲಿ ಅಲ್ಲಿಯ ಹಳ್ಳಿಯ ಕಮ್ಮಾರರು ನೇಗಿಲಿನ ಗುಳಗಳನ್ನು ಇದರಿಂದ ಬಡಿದು ಹರಿತಗೊಳಿಸುತ್ತಿದ್ದರು. 25, 50, 100, 250, 500 ಪೌಂಡು ಎಂಬ ಅಳತೆಗಳು ಬೀಳುವ ಸುತ್ತಿಗೆಯ ತೂಕವನ್ನು ಸೂಚಿಸುವುವು. ಇಂಥ ಹಳೆಯ ಯಂತ್ರಗಳನ್ನು ಬಿಚ್ಚಿ, ಸರಿಪಡಿಸಿ, ಮಾರುವವರು ಇಂದಿಗೂ ಅಲ್ಲಿ ಉಂಟು. ಆದರೆ ಸರಿಪಡಿಸುವುದೆಂದರೇನು? ಬಣ್ಣ ಬಳಿಯುವುದೇ?

ಮೊದಲು ಯಂತ್ರದ ಮರ್ಮವನ್ನು ತಿಳಿಯೋಣ. ಕಾಲಿನಿಂದ ಪೆಡಲನ್ನು ಒತ್ತಿದಾಗ ಕ್ಲಚ್ಚು ಹಿಡಿದು ಕ್ರ್ಯಾಂಕು ತಿರುಗುವುದು. ಕ್ರ್ಯಾಂಕಿಗೂ ಸುತ್ತಿಗೆಗೂ ಗಡುಸಾದ ಸಂಬಂಧವಿಲ್ಲ. ನಡುವೆ ಒಂದು ಬಲವಾದ ಸ್ಪ್ರಿಂಗೂ ಅದಕ್ಕೆ ಕೂಡಿಸಿದ ಎರಡು ತೋಳುಗಳೂ ಇವೆ. ಗಡುಸಾದ ಸರಳನ್ನೇ ಜೋಡಿಸಿದ್ದರೆ, ದಪ್ಪನೆಯ ಕಬ್ಬಿಣವನ್ನು ಇಟ್ಟ ಕೂಡಲೇ ಯಂತ್ರ ಸಿಕ್ಕಿಕೊಳ್ಳುತ್ತಿತ್ತು, ಇಲ್ಲವೇ ಮುರಿಯುತ್ತಿತ್ತು. ಸ್ಪ್ರಿಂಗು ಆ ವ್ಯತ್ಯಾಸವನ್ನು ನುಂಗಿಕೊಳ್ಳುವುದು. ಮೇಲೆ ಕೂಡಿಟ್ಟ ಶಕ್ತಿಯನ್ನು ಇಳಿಯುವಾಗ ಸುತ್ತಿಗೆಗೆ ಕೊಟ್ಟು ಚಾಟಿಯಂತೆ ಬೀಸುವುದು.

ಸ್ವಲ್ಪ ಲೆಕ್ಕ ಮಾಡೋಣ. 50 ಪೌಂಡಿನ ಸುತ್ತಿಗೆ ಸುಮಾರು 23 ಕಿಲೋಗ್ರಾಂ. ಅದು ಸೆಕೆಂಡಿಗೆ 4 ಮೀಟರು ವೇಗದಲ್ಲಿ ಬಡಿಯುವುದೆಂದು ಭಾವಿಸಿದರೆ ಅದರ ಚಲನಶಕ್ತಿ ಸುಮಾರು 180 ಜೌಲು. 4 ಕಿಲೋಗ್ರಾಂ ಸಮ್ಮಟಿಗೆಯನ್ನು ಸೆಕೆಂಡಿಗೆ 9 ಮೀಟರು ವೇಗದಲ್ಲಿ ಬೀಸಿದರೂ 160 ಜೌಲು ದೊರೆಯುವುದು! ಹಾಗಾದರೆ ಯಂತ್ರದ ಹೆಚ್ಚಳವೇನು? ಅದರ ಹೆಚ್ಚಳ ಪೆಟ್ಟಿನ ಗಾತ್ರದಲ್ಲಿಲ್ಲ, ಸಂಖ್ಯೆಯಲ್ಲಿದೆ. ಸೆಕೆಂಡಿಗೆ ನಾಲ್ಕು ಪೆಟ್ಟಿನಂತೆ ಅದು ದಣಿಯದೆ ಬಡಿಯಬಲ್ಲದು. ಅದು ಸುಮಾರು ಒಂದು ಕುದುರೆಶಕ್ತಿಯ ಕೆಲಸ. ಮನುಷ್ಯನು ಬಹಳ ಹೊತ್ತು ಒದಗಿಸಬಲ್ಲ ಶಕ್ತಿ ಅದರ ಹತ್ತರಲ್ಲೊಂದು ಪಾಲು.

ಈ ಶಕ್ತಿ ಕಬ್ಬಿಣಕ್ಕೇ ತಲಪಬೇಕು. ಸುತ್ತಿಗೆಯ ತೂಕ ಒಂದು ಪಾಲು, ಅಡಿಗಲ್ಲಿನದು ಹತ್ತು ಪಾಲು ಎನ್ನಿ. ಮೆತ್ತನೆಯ ಕಬ್ಬಿಣವು ಪೆಟ್ಟನ್ನು ಹಿಂದಕ್ಕೆ ಪುಟಿಸದಿದ್ದರೆ, ಶಕ್ತಿಯ 11ರಲ್ಲಿ 10 ಪಾಲು ಕಬ್ಬಿಣದ ಆಕಾರ ಬದಲಿಸಲು ಸಲ್ಲುವುದು. ಎರಡರ ತೂಕವೂ ಸಮವಾದರೆ ಅರ್ಧ ಮಾತ್ರ! ಅಡಿಗಲ್ಲಿನ ಮೇಲಿನ ಅಚ್ಚನ್ನು ಬಿಗಿಹಿಡಿಯುವ ಬೆಣೆ ಸಡಿಲವಾಯಿತೆಂದರೆ, ಪೆಟ್ಟಿಗೆ ಎದುರು ನಿಲ್ಲುವುದು ಇಡೀ ಅಡಿಗಲ್ಲಲ್ಲ, ಆ ಚಿಕ್ಕ ಅಚ್ಚು ಮಾತ್ರ. ಉಳಿದ ಶಕ್ತಿ ಸದ್ದಾಗಿಯೂ ನಡುಕವಾಗಿಯೂ ಪೋಲಾಗುವುದು. ಹಾಗೆಯೇ ಸುತ್ತಿಗೆ ಜಾರುವ ಜಾಡು ಸವೆದಿದ್ದರೆ ಪೆಟ್ಟು ಓರೆಯಾಗಿ ಬೀಳುವುದು.

ಬೇರಿಂಗುಗಳ ಕೆಲಸ ಹೆಚ್ಚು ನಾಜೂಕಿನದು. ಅವುಗಳ ಒಳಪದರ 1839ರಲ್ಲಿ ಐಸಾಕ್ ಬ್ಯಾಬಿಟ್ ಎಂಬಾತನು ಬಳಕೆಗೆ ತಂದ ಮಿಶ್ರಲೋಹ: ತವರ, ಆಂಟಿಮನಿ, ತಾಮ್ರಗಳ ಕೂಟ, ಅಗ್ಗದ ಬಗೆಗಳಲ್ಲಿ ಸೀಸವೇ ಹೆಚ್ಚು. ಸವೆದ ಪದರವನ್ನು ತೆಗೆದು, ದಂಡಕ್ಕೆ ಮಸಿ ಹಿಡಿಸಿ, ಅದರ ಸುತ್ತ ಕರಗಿದ ಲೋಹವನ್ನು ಎರೆಯಬೇಕು. ಎರೆಯುವ ಮುನ್ನ ಎಲ್ಲವನ್ನೂ ಕಾಯಿಸಿ ಒಣಗಿಸುವುದು ಅತ್ಯಗತ್ಯ. ಏಕೆಂದರೆ ನೀರು ಆವಿಯಾದಾಗ ಸುಮಾರು 1,600 ಪಟ್ಟು ಹಿಗ್ಗುವುದು. ಒಂದೇ ಹನಿ ಉಳಿದಿದ್ದರೂ ಕರಗಿದ ಲೋಹ ಮುಖಕ್ಕೆ ಸಿಡಿಯಬಹುದು. ಸೀಸವಿದ್ದರೆ ಅದರ ಹೊಗೆಯೂ ವಿಷ.

ಇನ್ನು ಮಾರಾಟದ ಮಾತು. ಎರಕದ ಕಬ್ಬಿಣದ ಚೌಕಟ್ಟಿನ ಬಿರುಕನ್ನು ಬಣ್ಣವು ಸುಲಭವಾಗಿ ಮುಚ್ಚಿಬಿಡಬಲ್ಲದು. ಇದಕ್ಕೊಂದು ಹಳೆಯ ಪರೀಕ್ಷೆಯಿದೆ. ಬಣ್ಣ ಕೆರೆದ ಭಾಗಕ್ಕೆ ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ಒರಸಿ, ಸೀಮೆಸುಣ್ಣದ ಪುಡಿ ಉದುರಿಸಬೇಕು. ಬಿರುಕಿನೊಳಗೆ ಹೊಕ್ಕಿದ್ದ ಎಣ್ಣೆಯನ್ನು ಪುಡಿಯು ಹೀರಿಕೊಂಡು ಕಪ್ಪು ಗೆರೆಯಾಗಿ ತೋರಿಸುವುದು. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಸೆಳೆಯುವುದೂ ಇದೇ ತತ್ತ್ವದಿಂದ.

ಬಣ್ಣ ಬಳಿಯುವುದು ಈ ಪರೀಕ್ಷೆಯ ಬಳಿಕವೇ ಸರಿ. ಕೊಳ್ಳುವವನ ಎದುರಿನಲ್ಲಿ ಕಾದ ಕಬ್ಬಿಣವನ್ನಿಟ್ಟು, ಒಂದೇ ಮೆಲ್ಲನೆಯ ಪೆಟ್ಟನ್ನೂ ಬಿರುಸಾದ ಪೆಟ್ಟುಗಳ ಸಾಲನ್ನೂ ಬಡಿದು ತೋರಿಸಬೇಕು. ಬರಿದೇ ತಿರುಗುವ ಯಂತ್ರ ಏನನ್ನೂ ಹೇಳುವುದಿಲ್ಲ. ಮೆಲ್ಲನೆ ಬಡಿಯಬಲ್ಲ ಯಂತ್ರವೇ ಚೆನ್ನಾಗಿ ಸರಿಹೊಂದಿದ ಯಂತ್ರ. ಮತ್ತೂ ಒಂದು ಹೊಣೆಯುಂಟು. ಸ್ಪ್ರಿಂಗು ಇರುವುದು ಕೆಲಸಗಾರನ ತಲೆಯ ಮಟ್ಟದಲ್ಲಿ. ಲಕ್ಷಾಂತರ ಸಲ ಬಾಗಿದ ಉಕ್ಕು ಮುನ್ಸೂಚನೆಯಿಲ್ಲದೆ ಮುರಿಯಬಹುದು. ಹಿಂದಿನ ಅನೇಕ ಯಂತ್ರಗಳಿಗೆ ಅದರ ಮುಂದೆ ತಡೆ ಇರಲಿಲ್ಲ. ಹಳೆಯದನ್ನು ಹಳೆಯಂತೆಯೇ ಉಳಿಸುವ ಅಭಿಮಾನ ಒಳ್ಳೆಯದೇ. ಆದರೆ ಗಟ್ಟಿಯಾದ ಒಂದು ಉಕ್ಕಿನ ತಡೆಯನ್ನು ಕೂಡಿಸದೆ ಮಾರುವುದು ಸಲ್ಲದು. ಯಂತ್ರ ಹಳೆಯದಾದರೂ ಅದರ ಮುಂದೆ ನಿಲ್ಲುವ ತಲೆ ಇಂದಿನದು.