ಬುರುಡೆ ಬಿಟ್ಟವನ ಬುರುಡೆ

ರಾತ್ರಿ ಒಂದೂವರೆ. ನ್ಯೂಜೆರ್ಸಿಯ ಮೆನ್ಲೊ ಪಾರ್ಕ್ ಎಂಬ ಪುಟ್ಟ ಊರಿನ ಉದ್ದನೆಯ ಮರದ ಕಟ್ಟಡದಲ್ಲಿ ಇನ್ನೂ ಯಾರೂ ಮಲಗಿಲ್ಲ. ಮಾಳಿಗೆಯ ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ರಾಸಾಯನಿಕಗಳ ಸೀಸೆಗಳ ಸಾಲು. ಹಿಂಬದಿಯ ಗೋಡೆಗೊರಗಿದ ಪೈಪ್ ಆರ್ಗನ್. ಬೇಸರವಾದವರು ಬಾರಿಸಲಿ ಎಂದು. ನಡುವೆ ಮೇಜಿನ ಮೇಲೆ ಗಾಜಿನ ನಳಿಗೆಗಳಲ್ಲಿ ಪಾದರಸ ತೊಟ್ಟಿಕ್ಕುತ್ತಿದೆ. ಒಂದೊಂದು ತೊಟ್ಟೂ ಇಳಿಯುವಾಗ ಬುರುಡೆಯೊಳಗಿನ ಒಂದು ಗುಟುಕು ಗಾಳಿಯನ್ನು ಎಳೆದುಕೊಂಡು ಹೋಗುತ್ತದೆ. ಹೀಗೇ ಗಂಟೆಗಟ್ಟಲೆ. ಕೊನೆಗೆ ಒಳಗೆ ಉಳಿಯುವುದು, ಹೊರಗಿನ ಗಾಳಿಯ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು.

ಅದು 1879ರ ಅಕ್ಟೋಬರ್ 22. ಬುರುಡೆಯೊಳಗಿರುವುದು ಹೊಲಿಗೆಯ ನೂಲು. ಅದನ್ನು ಕುದುರೆ ಲಾಳದಂತೆ ಬಗ್ಗಿಸಿ, ಅಚ್ಚಿನಲ್ಲಿಟ್ಟು, ಕುಲುಮೆಯಲ್ಲಿ ಸುಟ್ಟು ಕರಿಯಾಗಿಸಿದ್ದಾರೆ. ಉಸಿರು ತಾಕಿದರೂ ಮುರಿಯುವ ಆ ಕರಿ ಎಳೆಯನ್ನು ತಂತಿಗೆ ಕೂಡಿಸುವ ಕೆಲಸ ಚಾರ್ಲ್ಸ್ ಬ್ಯಾಚಲರ್ ಎಂಬ ಇಂಗ್ಲಿಷ್ ಕುಶಲಕರ್ಮಿಯದು. ಗಾಜು ಊದುವವನು ಲುಡ್ವಿಗ್ ಬೋಮ್ ಎಂಬ ಜರ್ಮನ್ ಹುಡುಗ. ಕರೆಂಟ್ ಹರಿಸಿದರು. ಎಳೆ ಬೆಳಗಿತು. ಬೆಳಗುತ್ತಲೇ ಇತ್ತು. ಬೆಳಗಾಯಿತು, ಊಟದ ಹೊತ್ತು ದಾಟಿತು, ಮಧ್ಯಾಹ್ನ ಮೂರಾಯಿತು. ಹದಿಮೂರೂವರೆ ಗಂಟೆ. ಆಮೇಲೆ ಕರೆಂಟ್ ಏರಿಸಿದರು. ಇನ್ನೊಂದು ಗಂಟೆಗೆ ಗಾಜು ಬಿರಿದು ಎಲ್ಲ ಮುಗಿಯಿತು. ನಲವತ್ತು ಗಂಟೆ ಉರಿಯಿತೆಂಬ ಕಥೆ ಆಮೇಲೆ ಹುಟ್ಟಿದ್ದು. ಅವರದೇ ನೋಟ್‌ಬುಕ್ ಹೇಳುವುದು ಹದಿಮೂರೂವರೆಯನ್ನು.

ಥಾಮಸ್ ಆಲ್ವಾ ಎಡಿಸನ್‌ಗೆ ಆಗ 32 ವರ್ಷ. ಸುಕ್ಕುಗಟ್ಟಿದ ಕೋಟು, ಅಲ್ಲಲ್ಲಿ ಆಸಿಡ್ ಕಲೆ, ಕಿವಿ ಮಂದ. ಆ ರಾತ್ರಿಗೂ ಮುಂಚಿನ ಒಂದು ವರ್ಷ ಅವನು ನಡೆಸಿದ ಬದುಕನ್ನು ಹೇಳಲು ಕನ್ನಡದಂಥ ಭಾಷೆ ಬೇರೊಂದಿಲ್ಲ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಬಲ್ಬಿಗೆ ನಾವು ಬುರುಡೆ ಎನ್ನುತ್ತೇವೆ. ಬಡಾಯಿ ಕೊಚ್ಚುವುದಕ್ಕೂ ಬುರುಡೆ ಬಿಡುವುದು ಎನ್ನುತ್ತೇವೆ. ಎಡಿಸನ್ ಮೊದಲು ಎರಡನೆಯದನ್ನು ಬಿಟ್ಟು, ಆಮೇಲೆ ಮೊದಲನೆಯದನ್ನು ಮಾಡಿದವನು!

1878ರ ಸೆಪ್ಟೆಂಬರಿನಲ್ಲೇ ಪತ್ರಿಕೆಯವರನ್ನು ಕರೆದು, ವಿದ್ಯುತ್ ದೀಪದ ಒಗಟು ಬಿಡಿಸಿಬಿಟ್ಟೆ ಎಂದಿದ್ದ. ನ್ಯೂಯಾರ್ಕ್, ಲಂಡನ್‌ಗಳಲ್ಲಿ ಗ್ಯಾಸ್ ಕಂಪನಿಗಳ ಷೇರು ದಡದಡನೆ ಇಳಿದವು. ಹಣವಂತರು ದುಡ್ಡು ಹಾಕಿ ಕಂಪನಿ ಕಟ್ಟಿದರು. ಕೈಯಲ್ಲಿದ್ದದ್ದೋ, ತುಸು ಹೊತ್ತು ಕೆಂಪಗೆ ಹೊಳೆದು ಕರಗಿಹೋಗುವ ಪ್ಲಾಟಿನಂ ತಂತಿಯ ಉಪಾಯ. ಆದರೂ ಜನ ನಂಬಿದರು. ಹಿಂದಿನ ವರ್ಷವಷ್ಟೇ ತವರದ ಹಾಳೆ ಸುತ್ತಿದ ಉರುಳೆಯ ಮುಂದೆ ಕುರಿಮರಿಯ ಶಿಶುಗೀತೆಯೊಂದನ್ನು ಹೇಳಿ, ಅದೇ ದನಿಯನ್ನು ಉರುಳೆಯಿಂದ ವಾಪಸು ಕೇಳಿಸಿದವನು ಅವನು. ಮಾತು ಹಿಡಿದಿಟ್ಟವನಿಗೆ ಬೆಳಕು ಯಾವ ಲೆಕ್ಕ?

ಬುರುಡೆ ಎಡಿಸನ್ ಒಬ್ಬನದೂ ಅಲ್ಲ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಜೋಸೆಫ್ ಸ್ವಾನ್ ಅದೇ 1879ರ ಮೊದಲಲ್ಲೇ ಇಂಗಾಲದ ದೀಪ ತೋರಿಸಿದ್ದ. ಎಡಿಸನ್ನನ ಹೆಚ್ಚುಗಾರಿಕೆ ಬೇರೆ ಕಡೆ ಇದೆ: ಅವನು ತಾಮ್ರದ ಖರ್ಚು ಲೆಕ್ಕ ಹಾಕಿದ. ದೀಪದ ಎಳೆ ದಪ್ಪವಾಗಿದ್ದರೆ ಅದಕ್ಕೆ ಹೆಚ್ಚು ಕರೆಂಟ್ ಬೇಕು, ಬೀದಿಯುದ್ದಕ್ಕೂ ತೋಳಿನಷ್ಟು ದಪ್ಪದ ತಾಮ್ರ ಹಾಯಿಸಬೇಕು, ಕಂಪನಿ ದಿವಾಳಿಯಾಗಬೇಕು. ಎಳೆ ಸಣ್ಣಗಾದಷ್ಟೂ ತಡೆ ಹೆಚ್ಚು, ತಂತಿ ತೆಳು, ಖರ್ಚು ಕಡಿಮೆ. ಈ ಲೆಕ್ಕ ಮಾಡಿಕೊಟ್ಟವನು ಫ್ರಾನ್ಸಿಸ್ ಅಪ್ಟನ್ ಎಂಬ ಗಣಿತದ ಪದವೀಧರ. ನೂಲಿನ ಹಿಂದೆ ಬಿದ್ದದ್ದಕ್ಕೆ ಕಾರಣ ಇದು.

ಆ ವರ್ಷದ ಕೊನೆಯ ರಾತ್ರಿ ಜನ ವಿಶೇಷ ರೈಲು ಹತ್ತಿ ಮೆನ್ಲೊ ಪಾರ್ಕಿಗೆ ಬಂದರು. ಚಳಿಯಲ್ಲಿ, ಎಣ್ಣೆ ಇಲ್ಲದೆ ಬತ್ತಿ ಇಲ್ಲದೆ ಹೊಗೆ ಇಲ್ಲದೆ ಉರಿಯುವ ದೀಪಗಳ ಕೆಳಗೆ ನಿಂತು ಕತ್ತೆತ್ತಿ ನೋಡಿದರು. ನೂಲು ಹೋಗಿ ಸುಟ್ಟ ರಟ್ಟು ಬಂದಿತ್ತು; ರಟ್ಟು ಹೋಗಿ ಬಿದಿರು ಬರಲಿತ್ತು. ಬೀಸಣಿಗೆಯ ಅಂಚಿಗೆ ಕಟ್ಟಿದ್ದ ಬಿದಿರ ಸೀಳೊಂದನ್ನು ಸುಟ್ಟು ನೋಡಿದ್ದೇ ತಡ, ಒಳ್ಳೆಯ ಬಿದಿರು ಹುಡುಕಲು ಎಡಿಸನ್ ದೇಶಾಂತರ ಆಳು ಕಳಿಸಿದ. ಜಪಾನಿನ ಕ್ಯೋಟೊ ಸಮೀಪದ ಯವಾತದ ಬಿದಿರು ಸಾವಿರ ಗಂಟೆಗೂ ಮೀರಿ ಉರಿಯಿತು. ಅಲ್ಲಿನ ದೇವಸ್ಥಾನದ ಆವರಣದಲ್ಲಿ ಇಂದಿಗೂ ಎಡಿಸನ್ನನ ಸ್ಮಾರಕವಿದೆ.

1882ರ ಸೆಪ್ಟೆಂಬರ್ 4ರಂದು ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಲ್ಲಿ 27 ಟನ್ ತೂಕದ ಡೈನಮೊ ತಿರುಗಿತು. ಸರ್ಕಸ್ಸಿನ ಆನೆಯೊಂದರ ಹೆಸರೇ ಅದಕ್ಕೂ: ಜಂಬೊ. ಬೀದಿಯಡಿ ಅಗೆದು ಹೂತ ತಂತಿಗಳಿಂದ ನಾನೂರು ದೀಪ ಹೊತ್ತಿದವು. ಯಾರು ಎಷ್ಟು ಉರಿಸಿದರೆಂದು ತಿಳಿಯಲು ಸೀಸೆಯೊಳಗಿನ ಸತುವಿನ ತಗಡನ್ನು ಒಯ್ದು ತೂಗುತ್ತಿದ್ದರು. ಬೆಳಕನ್ನು ತಕ್ಕಡಿಯಲ್ಲಿ ತೂಗಿ ಬಿಲ್ ಬರೆದ ಕಾಲ ಅದು.

ಇಪ್ಪತ್ತು ವರ್ಷದ ಮೇಲೆ, 1902ರಲ್ಲಿ, ಶಿವನಸಮುದ್ರದಲ್ಲಿ ಕಾವೇರಿ ಯಂತ್ರ ತಿರುಗಿಸಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದಳು. ಯಂತ್ರಗಳು ಜನರಲ್ ಎಲೆಕ್ಟ್ರಿಕ್‌ನವು, ಎಂದರೆ ಎಡಿಸನ್ನನ ಕಂಪನಿ ಇನ್ನೊಂದರ ಜೊತೆ ಕೂಡಿ ಆದದ್ದು. ಹರಿದದ್ದು ಮಾತ್ರ ಅವನು ಜನ್ಮದ ವೈರಿಯಂತೆ ಕಂಡ ಪರ್ಯಾಯ ವಿದ್ಯುತ್ತು. ಅಷ್ಟು ದೂರಕ್ಕೆ ಅವನ ನೇರ ವಿದ್ಯುತ್ತು ಮುಟ್ಟುವಂತಿರಲಿಲ್ಲ. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿತು.

ನಮ್ಮ ಹಳ್ಳಿಗೆ ಬರಲು ಅದಕ್ಕೆ ಇನ್ನೂ ಬಹಳ ವರ್ಷ ಹಿಡಿಯಿತು. ಅಲ್ಲಿಯವರೆಗೆ ಸಂಜೆ ನಾಲ್ಕಕ್ಕೇ ಲಾಟೀನು ಒರೆಸುವ ಕೆಲಸ. ಗಾಜಿನೊಳಗೆ ತೂರುವಷ್ಟು ಸಣ್ಣ ಕೈ ಮಕ್ಕಳದ್ದೇ, ಹಾಗಾಗಿ ಅದು ನಮ್ಮ ಪಾಲಿಗೆ. ಒಲೆಯ ಬೂದಿ, ಹಳೇ ಪಂಚೆಯ ತುಂಡು. ಒಳಗಿನ ಮಸಿ ಹೋಗುವಷ್ಟರಲ್ಲಿ ಬೆರಳಿಗೆಲ್ಲ ಸೀಮೆಎಣ್ಣೆಯ ವಾಸನೆ. ಕರೆಂಟ್ ಬಂದ ಮೇಲೆ ಆ ನಾಲ್ಕು ಗಂಟೆಯ ಹೊತ್ತು ಆಟಕ್ಕೆ ಸಿಕ್ಕಿತು. ಅಜ್ಜಿ ಮಾತ್ರ ಸ್ವಿಚ್ ಹಾಕಿದಾಗಲೆಲ್ಲ ಬುರುಡೆಗೆ ಕೈ ಮುಗಿಯುತ್ತಿದ್ದಳು. ಸುಟ್ಟುಹೋದ ಬುರುಡೆಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಕಿಣಿಕಿಣಿ ಸದ್ದು. ಮೆಲ್ಲಗೆ ತಟ್ಟಿ ತಟ್ಟಿ ಮುರಿದ ತಂತಿಯ ತುದಿಗಳನ್ನು ಹೆಣೆದು ಇನ್ನೆರಡು ದಿನ ಉರಿಸುವ ವಿದ್ಯೆ ಚಿಕ್ಕಪ್ಪನಿಗೆ ಗೊತ್ತಿತ್ತು.

ಮೊನ್ನೆ ಎಲ್‌ಇಡಿ ಬಲ್ಬ್ ಕೇಳಿದಾಗ ಅಂಗಡಿಯವನು ಎಂದ, "ಸಾರ್, ಪಿನ್ನಿಂದೋ ತಿರುಪಿಂದೋ?" ಎರಡು ಪಿನ್ನು ಒತ್ತಿ ತಿರುಗಿಸುವುದು ಬ್ರಿಟಿಷರ ಜೊತೆ ಬಂದ ಬಗೆ, ಡಬ್ಬಿಯ ಮೇಲೆ ಬಿ22 ಎಂದಿರುತ್ತದೆ. ತಿರುಪಿನದರ ಮೇಲೆ ಇ27. ಇ ಎಂದರೆ ಎಡಿಸನ್. ಅವನ ಹೆಸರಿದೆಯಲ್ಲ ಎಂಬ ಖುಷಿಗೆ ಅದನ್ನೇ ಎತ್ತಿಕೊಂಡು ಬಂದೆ. ಮನೆಯ ಹೋಲ್ಡರಿಗೆ ಕೂರಲಿಲ್ಲ.