ಅರ್ಹತಾ ಪರೀಕ್ಷೆಯೂ ಕನ್ನಡದ ವಿದ್ಯಾರ್ಥಿಯೂ

‘ಪರೀಕ್ಷೆ’ ಎಂಬ ಮಾತಿಗೆ ಮೂಲದಲ್ಲಿ ಸುತ್ತಲಿನಿಂದಲೂ ನೋಡುವುದು ಎಂದು ಅರ್ಥ. ಅಕ್ಕಸಾಲಿಗನು ಚಿನ್ನವನ್ನು ಒರೆಗಲ್ಲಿಗೆ ಉಜ್ಜಿ, ಕಾಸಿ, ಬಡಿದು, ಹಲವು ಬಗೆಯಲ್ಲಿ ನೋಡಿದ ಮೇಲೆಯೇ ಅದರ ಬೆಲೆ ಹೇಳುತ್ತಾನೆ. ಇಂದಿನ ಪರೀಕ್ಷೆಗಳಿಗೆ ಅಷ್ಟು ವ್ಯವಧಾನವಿಲ್ಲ. ಒಂದು ಪ್ರಶ್ನೆ, ಅದರ ಕೆಳಗೆ ನಾಲ್ಕು ಉತ್ತರ. ಅವುಗಳಲ್ಲಿ ಒಂದನ್ನು ಆರಿಸಿ ಮುಂದೆ ನಡೆಯಬೇಕು. ಕನ್ನಡ ಎಂ.ಎ. ಮುಗಿಸಿದ ತರುಣ ತರುಣಿಯರು ಸಂಶೋಧನೆಯ ಬಾಗಿಲಿನೊಳಗೆ ಕಾಲಿಡಬೇಕಾದರೆ ದಾಟಬೇಕಾದ ರಾಷ್ಟ್ರೀಯ ಅರ್ಹತಾ ಪರೀಕ್ಷೆ, ಎಲ್ಲರ ಬಾಯಲ್ಲಿ ‘ನೆಟ್’ ಆಗಿರುವ ಪರೀಕ್ಷೆ, ಈ ಬಗೆಯದು. ಇದಕ್ಕೆ ಸಿದ್ಧರಾಗುವುದು ಹೇಗೆ ಎಂಬುದನ್ನು ಕುರಿತು ಕೆಲವು ಮಾತು ಹೇಳುವುದು ಇಂದಿನ ಉದ್ದೇಶ.

ಮೊದಲು ಪರೀಕ್ಷೆಯ ಸ್ವರೂಪವನ್ನು ನೋಡೋಣ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಈ ಪರೀಕ್ಷೆ ಆರಂಭವಾದದ್ದು 1989ರಲ್ಲಿ. ಬಹುಕಾಲ ಇದರಲ್ಲಿ ವಿವರವಾಗಿ ಬರೆಯಬೇಕಾದ ಒಂದು ಪತ್ರಿಕೆಯೂ ಇತ್ತು. 2012ರ ಜೂನ್‌ನಿಂದ ಅದೂ ಹೋಗಿ ಎಲ್ಲವೂ ಆಯ್ಕೆಯ ಪ್ರಶ್ನೆಗಳಾದವು. 2018ರಲ್ಲಿ ಮೂರು ಪತ್ರಿಕೆಗಳು ಎರಡಾದವು. ಆ ವರ್ಷದ ಡಿಸೆಂಬರ್‌ನಿಂದ ನಡೆಸುವ ಹೊಣೆ ರಾಷ್ಟ್ರೀಯ ಪರೀಕ್ಷಾ ಸಂಸ್ಥೆಯದಾಯಿತು. ಕಾಗದದ ಸ್ಥಾನಕ್ಕೆ ಕಂಪ್ಯೂಟರ್ ಬಂದಿತು. ಮೊದಲ ಪತ್ರಿಕೆ ಎಲ್ಲ ವಿಷಯದವರಿಗೂ ಸಮಾನ: 50 ಪ್ರಶ್ನೆ, 100 ಅಂಕ. ಎರಡನೆಯದು ಅವರವರ ವಿಷಯದ್ದು: 100 ಪ್ರಶ್ನೆ, 200 ಅಂಕ. ಎರಡಕ್ಕೂ ಸೇರಿ ಮೂರು ಗಂಟೆ. ಲೆಕ್ಕ ಹಾಕಿದರೆ ಒಂದು ಪ್ರಶ್ನೆಗೆ 72 ಸೆಕೆಂಡು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ.

ಈ ಬಾಗಿಲಿನಾಚೆ ಇರುವುದೇನು? ಮೇಲಿನ ಸಾಲಿನಲ್ಲಿ ತೇರ್ಗಡೆಯಾದವರಿಗೆ ಕಿರಿಯ ಸಂಶೋಧನ ವೇತನ ದೊರೆಯುತ್ತದೆ. 2023ರ ಜನವರಿಯಿಂದ ಅದು ತಿಂಗಳಿಗೆ 37,000 ರೂಪಾಯಿ. ಇತರ ತೇರ್ಗಡೆಯಾದವರು ಕಾಲೇಜು ಅಧ್ಯಾಪನಕ್ಕೆ ಅರ್ಹರಾಗುತ್ತಾರೆ. ಪಿಎಚ್.ಡಿ. ಪ್ರವೇಶಕ್ಕೂ ಇದರ ಅಂಕವನ್ನೇ ಬಳಸಬಹುದೆಂದು ಆಯೋಗ 2024ರಲ್ಲಿ ತಿಳಿಸಿತು. ಮನೆಯಲ್ಲಿ ಮೊದಲ ಬಾರಿಗೆ ಪದವಿ ಕಂಡ ರೈತನ ಮಗಳಿಗೆ ಈ ವೇತನವಿದ್ದರೆ ಸಂಶೋಧನೆ ಸಾಧ್ಯ, ಇಲ್ಲದಿದ್ದರೆ ಅಸಾಧ್ಯ. ಆದ್ದರಿಂದ ಇದನ್ನು ಹಗುರವಾಗಿ ಕಾಣುವಂತಿಲ್ಲ. ಇನ್ನೊಂದು ಮಾತೂ ಉಂಟು: ಈ ಯಂತ್ರಕ್ಕೆ ಅಭ್ಯರ್ಥಿಯ ಊರು, ಜಾತಿ, ಗುರುಗಳ ಶಿಫಾರಸು ಯಾವುದೂ ಕಾಣುವುದಿಲ್ಲ. ವಸ್ತುನಿಷ್ಠ ಪ್ರಶ್ನೆಯನ್ನು ಸಾಹಿತ್ಯದ ಶತ್ರುವೆಂದು ಬಯ್ಯುವವರು ಅದರ ಈ ಗುಣವನ್ನು ಮರೆಯಬಾರದು.

ಇನ್ನು ಸಿದ್ಧತೆ. ಪಠ್ಯಕ್ರಮ ವಿಶಾಲವಾದದ್ದು: ಹಳಗನ್ನಡದಿಂದ ಇಂದಿನ ಸಾಹಿತ್ಯದವರೆಗೆ, ವ್ಯಾಕರಣ, ಛಂದಸ್ಸು, ಕಾವ್ಯಮೀಮಾಂಸೆ, ಭಾಷಾವಿಜ್ಞಾನ, ಜಾನಪದ. ಇಷ್ಟನ್ನೂ ಕಂಡೊಡನೆ ವಿದ್ಯಾರ್ಥಿ ಅಂಗಡಿಯಿಂದ ಪ್ರಶ್ನೋತ್ತರದ ದಪ್ಪ ಪುಸ್ತಕವೊಂದನ್ನು ತಂದು ಬಾಯಿಪಾಠಕ್ಕೆ ಕೂರುತ್ತಾನೆ. ಸಾವಿರ ಕವಿಗಳು, ಸಾವಿರ ಇಸವಿಗಳು. ಒಂದು ತಿಂಗಳಲ್ಲಿ ಎಲ್ಲವೂ ಕಲಸಿಹೋಗುತ್ತವೆ. ಬಿಡಿಬಿಡಿಯಾದ ಸಂಗತಿ ಮನಸ್ಸಿನಲ್ಲಿ ನಿಲ್ಲುವುದಿಲ್ಲ, ಸಂಬಂಧದಿಂದ ಕಟ್ಟಿದ ಸಂಗತಿ ನಿಲ್ಲುತ್ತದೆ. ಈ ಮಾತನ್ನು ಎರಡು ಉದಾಹರಣೆಗಳಿಂದ ಸ್ಪಷ್ಟಪಡಿಸುತ್ತೇನೆ.

ಕೃತಿಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿ ಎಂಬುದು ಈ ಪರೀಕ್ಷೆಯ ಮೆಚ್ಚಿನ ಪ್ರಶ್ನೆ. ‘ಯಶೋಧರಚರಿತೆ’, ‘ಸೂಕ್ತಿಸುಧಾರ್ಣವ’, ‘ಶಬ್ದಮಣಿದರ್ಪಣ’ ಇವುಗಳಲ್ಲಿ ಯಾವುದು ಮೊದಲು? ಇಸವಿಗಳನ್ನು ಉರುಹೊಡೆಯುವ ಬದಲು ಒಂದು ಮನೆತನವನ್ನು ನೆನಪಿಡಿ. ಸುಮನೋಬಾಣನ ಮಗ ಜನ್ನ. ಜನ್ನನ ಸೋದರಿಯನ್ನು ವರಿಸಿದವನು ಮಲ್ಲಿಕಾರ್ಜುನ. ಇವರ ಮಗ ಕೇಶಿರಾಜ. ಸೋದರಮಾವ ಕಾವ್ಯ ಬರೆದ, ತಂದೆ ಹಿಂದಿನ ಕವಿಗಳ ಪದ್ಯಗಳನ್ನು ಆರಿಸಿ ಸಂಕಲಿಸಿದ, ಮಗ ಆ ಕವಿಗಳ ಭಾಷೆಗೆ ವ್ಯಾಕರಣ ಬರೆದ. ಕೃತಿಗಳ ಕ್ರಮ ತಾನಾಗಿಯೇ ನಿಂತಿತು. ಹೊಯ್ಸಳ ದೊರೆಗಳೂ ಇದಕ್ಕೆ ಸಾಕ್ಷಿ ಹೇಳುತ್ತಾರೆ: ಜನ್ನನ ‘ಯಶೋಧರಚರಿತೆ’ (1209) ಇಮ್ಮಡಿ ಬಲ್ಲಾಳನ ಕಾಲದ್ದು, ಅವನ ‘ಅನಂತನಾಥಪುರಾಣ’ (1230) ಬಲ್ಲಾಳನ ಮಗ ನರಸಿಂಹನ ಕಾಲದ್ದು, ಮಲ್ಲಿಕಾರ್ಜುನನ ಸಂಕಲನ ನರಸಿಂಹನ ಮಗ ಸೋಮೇಶ್ವರನ ಕಾಲದ್ದು. ಕವಿಗಳದೊಂದು ಮನೆ, ಅರಸರದೊಂದು ಮನೆ. ಎರಡೂ ಜೊತೆಯಾಗಿ ಬೆಳೆದವು. ಇಷ್ಟು ತಿಳಿದ ವಿದ್ಯಾರ್ಥಿಗೆ ಇನ್ನೊಂದು ಲಾಭವೂ ಉಂಟು. ‘ಸೂಕ್ತಿಸುಧಾರ್ಣವ’ದಲ್ಲಿ ಒಬ್ಬ ಕವಿಯ ಪದ್ಯ ಸೇರಿದ್ದರೆ ಅವನು ಆ ಸಂಕಲನಕ್ಕಿಂತ ಈಚಿನವನಾಗಿರಲಾರ. ಕವಿಗಳ ಕಾಲನಿರ್ಣಯಕ್ಕೆ ವಿದ್ವಾಂಸರು ಬಳಸಿದ ಒಂದು ಮುಖ್ಯ ಸಾಧನ ಇದೇ. ಪರೀಕ್ಷೆಗೆ ಓದುತ್ತ ಓದುತ್ತ ಸಂಶೋಧನೆಯ ವಿಧಾನವೂ ಕೈಗೆ ಬಂದಂತಾಯಿತು.

ಎರಡನೆಯ ಉದಾಹರಣೆ ಛಂದಸ್ಸಿನದು. ಷಟ್ಪದಿಗಳು ಆರು: ಶರ, ಕುಸುಮ, ಭೋಗ, ಭಾಮಿನಿ, ಪರಿವರ್ಧಿನಿ, ವಾರ್ಧಕ. ಇವುಗಳ ಮಾತ್ರೆಗಳ ಸಂಖ್ಯೆಯನ್ನು ಕಂಡು ಹೆದರದ ವಿದ್ಯಾರ್ಥಿಯನ್ನು ನಾನು ನೋಡಿಲ್ಲ. ಆದರೆ ಕೀಲಿ ಒಂದೇ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳು ಸಮ. ಮೂರು ಮತ್ತು ಆರನೆಯವು ಉದ್ದ. ಸಣ್ಣ ಸಾಲಿಗೆ ಅದರ ಅರ್ಧವನ್ನು ಕೂಡಿಸಿ, ಕೊನೆಗೊಂದು ಗುರು ಇಟ್ಟರೆ ಉದ್ದ ಸಾಲು. ಭಾಮಿನಿಯ ಸಣ್ಣ ಸಾಲು ಮೂರು ನಾಲ್ಕು, ಮೂರು ನಾಲ್ಕು, ಒಟ್ಟು 14 ಮಾತ್ರೆ. ಅದರ ಅರ್ಧ 7, ಗುರುವಿಗೆ 2, ಸೇರಿ 23. ವಾರ್ಧಕದ ಸಣ್ಣ ಸಾಲು ಐದು ಮಾತ್ರೆಯ ನಾಲ್ಕು ಗಣ, ಅಂದರೆ 20. ಅದರ ಅರ್ಧ 10, ಗುರುವಿಗೆ 2, ಸೇರಿ 32. ಆರು ಷಟ್ಪದಿಗಳಿಗೂ ಈ ಲೆಕ್ಕ ಸಲ್ಲುತ್ತದೆ. ಆದರೂ ಲೆಕ್ಕವೊಂದೇ ಸಾಲದು. ಕುಮಾರವ್ಯಾಸನ ಭಾಮಿನಿಯನ್ನೂ ಲಕ್ಷ್ಮೀಶನ ವಾರ್ಧಕವನ್ನೂ ಬಾಯಿಬಿಟ್ಟು ಓದಿ, ಸಾಧ್ಯವಾದರೆ ಗಮಕಿಗಳಿಂದ ಕೇಳಿ. ಕಿವಿಗೆ ನಡೆ ಸಿಕ್ಕಿದರೆ ಬೆರಳೆಣಿಕೆಯ ಅಗತ್ಯವೇ ಬೀಳದು.

ಹೊಸಗನ್ನಡದಲ್ಲಿ ಬೇರೊಂದು ಬಲೆ ಇದೆ. ಜ್ಞಾನಪೀಠ ಪಡೆದ ಕೃತಿಗಳನ್ನು ಕೊಟ್ಟು ಪ್ರಕಟವಾದ ಕ್ರಮದಲ್ಲಿ ಜೋಡಿಸಿ ಎಂದರೆ ಅನೇಕರು ಪ್ರಶಸ್ತಿಯ ಕ್ರಮವನ್ನು ಗುರುತಿಸಿ ಬರುತ್ತಾರೆ. ಪ್ರಶಸ್ತಿ ಬಂದದ್ದು ಕುವೆಂಪು, ಬೇಂದ್ರೆ, ಕಾರಂತ, ಮಾಸ್ತಿ ಎಂಬ ಕ್ರಮದಲ್ಲಿ. 1967, 1973, 1977, 1983ರ ಸಾಲುಗಳಿಗೆ. ಆದರೆ ‘ಶ್ರೀ ರಾಮಾಯಣ ದರ್ಶನಂ’ ಆದ ಮೇಲೆ ಪ್ರಕಟವಾದದ್ದು ಮಾಸ್ತಿಯವರ ‘ಚಿಕವೀರ ರಾಜೇಂದ್ರ’ (1956). ‘ನಾಕುತಂತಿ’ (1964), ‘ಮೂಕಜ್ಜಿಯ ಕನಸುಗಳು’ (1968) ಅನಂತರದವು. ಕೃತಿಯ ಕಾಲವೇ ಬೇರೆ, ಮನ್ನಣೆಯ ಕಾಲವೇ ಬೇರೆ. ಸಾಹಿತ್ಯಚರಿತ್ರೆಯನ್ನು ಓದುವವರಿಗೆ ಇದು ಅಂಕಕ್ಕಿಂತ ಹೆಚ್ಚಿನ ಪಾಠ.

ಸಮರ್ಥನೆ ಮತ್ತು ಕಾರಣ ಎಂಬ ಜೋಡಿ ಪ್ರಶ್ನೆಗಳಲ್ಲಿಯೂ ಎಚ್ಚರ ಬೇಕು. ‘ಆಂಡಯ್ಯನು ಕಬ್ಬಿಗರ ಕಾವದಲ್ಲಿ ಸಂಸ್ಕೃತದ ತತ್ಸಮಗಳನ್ನು ಬಿಟ್ಟು ದೇಶ್ಯ ತದ್ಭವಗಳಲ್ಲಿ ಬರೆದನು’ ಎಂಬುದು ಸಮರ್ಥನೆ, ‘ಏಕೆಂದರೆ ಅವನಿಗೆ ಸಂಸ್ಕೃತ ಬರುತ್ತಿರಲಿಲ್ಲ’ ಎಂಬುದು ಕಾರಣ ಎಂದಿಟ್ಟುಕೊಳ್ಳಿ. ಮೊದಲನೆಯದು ಸರಿ. ಎರಡನೆಯದನ್ನು ಕೇಳಿದರೆ ಆಂಡಯ್ಯನೇ ನಕ್ಕಾನು. ಬೇಡವೆಂದು ಬಿಡಬೇಕಾದರೂ ಅದು ಯಾವುದೆಂದು ಚೆನ್ನಾಗಿ ಬಲ್ಲವನಾಗಿರಬೇಕಷ್ಟೆ.

ಈಗ ಮೊದಲ ಪತ್ರಿಕೆಯ ವಿಚಾರ. ಕನ್ನಡದ ವಿದ್ಯಾರ್ಥಿಗಳು ಎಡವುವುದು ಹೆಚ್ಚಾಗಿ ಇಲ್ಲಿ. ಎರಡನೆಯ ಪತ್ರಿಕೆ ಕನ್ನಡದಲ್ಲಿರುತ್ತದೆ. ಮೊದಲನೆಯದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ವಿಷಯ ತಿಳಿದಿದ್ದರೂ ಪ್ರಶ್ನೆಯೇ ಅರ್ಥವಾಗದ ಸ್ಥಿತಿ ಹಳ್ಳಿಯ ಪ್ರತಿಭೆಗೆ ಒದಗುತ್ತದೆ. ರಾಷ್ಟ್ರದ ಎಲ್ಲ ಭಾಷೆಗಳವರೂ ಬರೆಯುವ ಪರೀಕ್ಷೆಯಲ್ಲಿ ಇದು ನ್ಯಾಯವೇ ಎಂದು ಕೇಳತಕ್ಕದ್ದೇ. ಆದರೆ ನ್ಯಾಯ ಬರುವವರೆಗೆ ವಿದ್ಯಾರ್ಥಿಯ ವಯಸ್ಸು ಕಾಯುವುದಿಲ್ಲ. ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯವನ್ನು ಓದಿ, ಪಾರಿಭಾಷಿಕ ಪದಗಳಿಗೆ ಕನ್ನಡದ ಸಮಾನಪದ ಬರೆದಿಟ್ಟುಕೊಳ್ಳಿ. ಆರು ತಿಂಗಳಲ್ಲಿ ಆ ಭಯ ಬಹುಮಟ್ಟಿಗೆ ತೊಲಗುತ್ತದೆ.

ಈ ಪತ್ರಿಕೆಗೆ ಹತ್ತು ಘಟಕಗಳು: ಬೋಧನೆ, ಸಂಶೋಧನೆ, ಗದ್ಯಗ್ರಹಣ, ಸಂವಹನ, ಗಣಿತ, ತರ್ಕ, ಅಂಕಿಅಂಶಗಳ ವಿವರಣೆ, ಮಾಹಿತಿ ತಂತ್ರಜ್ಞಾನ, ಪರಿಸರ, ಉನ್ನತ ಶಿಕ್ಷಣ ವ್ಯವಸ್ಥೆ. ಗಣಿತವೆಂದರೆ ಶೇಕಡಾವಾರು, ಸರಾಸರಿ, ಸಂಖ್ಯಾಶ್ರೇಣಿ, ಪ್ರೌಢಶಾಲೆಯ ಲೆಕ್ಕವೇ. ತರ್ಕದ ಘಟಕವಂತೂ ಕಾವ್ಯಮೀಮಾಂಸೆ ಓದಿದವರ ಹಿತ್ತಲ ಗಿಡ. ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ, ಅರ್ಥಾಪತ್ತಿ, ಅನುಪಲಬ್ಧಿ ಎಂಬ ಪ್ರಮಾಣಗಳನ್ನೂ ವ್ಯಾಪ್ತಿ ಹೇತ್ವಾಭಾಸಗಳನ್ನೂ ಅಲ್ಲಿ ಕೇಳುತ್ತಾರೆ. ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿಯನ್ನು ಊಹಿಸಿದರೆ ಅನುಮಾನ. ಹಗಲು ಉಣ್ಣದ ದೇವದತ್ತ ದಪ್ಪಗಾಗಿದ್ದಾನೆಂದರೆ ರಾತ್ರಿ ಉಣ್ಣುತ್ತಿರಬೇಕು ಎಂದರೆ ಅರ್ಥಾಪತ್ತಿ. ರಸಸೂತ್ರಕ್ಕೆ ವ್ಯಾಖ್ಯಾನ ಮಾಡಿದ ಶಂಕುಕ ತನ್ನ ಅನುಮಿತಿವಾದವನ್ನು ಕಟ್ಟಿದ್ದು ಇದೇ ಅನುಮಾನದ ಮೇಲೆ. ಹೀಗೆ ಒಂದು ಪತ್ರಿಕೆಯ ಓದು ಇನ್ನೊಂದಕ್ಕೂ ಒದಗುತ್ತದೆ.

ಓದಬೇಕಾದ ಗ್ರಂಥಗಳಲ್ಲಿ ರಂ. ಶ್ರೀ. ಮುಗಳಿಯವರ ‘ಕನ್ನಡ ಸಾಹಿತ್ಯ ಚರಿತ್ರೆ’, ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ ಇವು ತಳಹದಿಗೆ ಸಾಕು. ಅದರ ಮೇಲೆ ಮೂಲಕೃತಿಗಳು. ಎಲ್ಲವನ್ನೂ ಮೊದಲಿನಿಂದ ಕೊನೆಯವರೆಗೆ ಓದಲಾಗದಿದ್ದರೆ ಪ್ರತಿಯೊಂದರ ಪೀಠಿಕೆಯನ್ನೂ ಮುಖ್ಯ ಸನ್ನಿವೇಶಗಳನ್ನೂ ಓದಿ. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಗಡಿಯಾರವನ್ನು ಎದುರಿಗಿಟ್ಟುಕೊಂಡು ಬಿಡಿಸಿ. ತಪ್ಪಿದ ಪ್ರಶ್ನೆಯ ಉತ್ತರವನ್ನಷ್ಟೇ ನೋಡದೆ ಉಳಿದ ಮೂರು ಆಯ್ಕೆಗಳು ಯಾರು, ಯಾವುವು ಎಂದು ವಿಚಾರಿಸಿ. ಒಂದು ಪ್ರಶ್ನೆ ಆಗ ನಾಲ್ಕು ಪಾಠವಾಗುತ್ತದೆ. ಮೂರು ನಾಲ್ಕು ಮಂದಿ ಗೆಳೆಯರು ಕಲೆತು ಒಬ್ಬರಿಗೊಬ್ಬರು ಪಾಠ ಹೇಳಿಕೊಳ್ಳುವುದು ಎಲ್ಲಕ್ಕಿಂತ ಮೇಲು. ಪರೀಕ್ಷೆಯ ದಿನ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಅಂಕ ಕಳೆಯದ ಪರೀಕ್ಷೆಯಲ್ಲಿ ಮೌನಕ್ಕೆ ಬೆಲೆಯಿಲ್ಲ. ನಿಯಮಗಳು ಬದಲಾಗುತ್ತಿರುವುದರಿಂದ ಪ್ರತಿ ಬಾರಿಯೂ ಪ್ರಕಟಣೆಯನ್ನು ನೀವೇ ಓದಿ ನೋಡುವುದು ಒಳ್ಳೆಯದು.

ಸೋಲಿನ ಮಾತನ್ನೂ ಆಡಬೇಕು. ಅಧ್ಯಾಪಕರಾಗುವ ಅರ್ಹತೆ ದೊರೆಯುವುದು ಬರೆದವರಲ್ಲಿ ನೂರಕ್ಕೆ ಸುಮಾರು ಆರು ಮಂದಿಗೆ. ಉಳಿದವರೆಲ್ಲ ದಡ್ಡರೆಂದು ಯಾರೂ ಹೇಳಲಾರರು. ಕೆಲವೊಮ್ಮೆ ಪರೀಕ್ಷೆಯೇ ಸೋಲುತ್ತದೆ. 2024ರ ಜೂನ್ 18ರಂದು 9 ಲಕ್ಷಕ್ಕೂ ಹೆಚ್ಚು ಮಂದಿ ಬರೆದ ಪರೀಕ್ಷೆ ಮರುದಿನವೇ ರದ್ದಾಯಿತು. ಆಗಸ್ಟ್ ಕೊನೆಯಲ್ಲಿ ಮತ್ತೆ ಬರೆಯಬೇಕಾಯಿತು. ಸಾಲ ಮಾಡಿ ದೂರದ ಕೇಂದ್ರಕ್ಕೆ ಹೋಗಿಬಂದವರ ಬವಣೆಯನ್ನು ಯಾವ ಅಂಕಪಟ್ಟಿಯೂ ತೋರಿಸದು. ಬಾಯಿಪಾಠ ಮಾಡಿದವರಿಗೆ ಆ ಎರಡು ತಿಂಗಳು ಶಿಕ್ಷೆಯಾಗಿತ್ತು. ಕೃತಿಗಳನ್ನು ಓದಿಕೊಂಡಿದ್ದವರಿಗೆ ಓದಿದ್ದಾದರೂ ಉಳಿಯಿತು.

ಕಡೆಯದಾಗಿ ಒಂದು ಮಾತು. ‘ಕವಿರಾಜಮಾರ್ಗ’ದ ಕರ್ತೃ ಯಾರು? ನೃಪತುಂಗನೆಂದವರುಂಟು, ಶ್ರೀವಿಜಯನೆಂದವರುಂಟು. ಕನ್ನಡದ ಮೊದಲ ಶಾಸನ ಯಾವುದು? ಸುಮಾರು 450ರ ಹಲ್ಮಿಡಿ ಶಾಸನವೆಂದು ನಾವೆಲ್ಲ ಓದಿದೆವು. ತಾಳಗುಂದದಲ್ಲಿ ಈಚೆಗೆ ದೊರೆತ ಸಿಂಹಕಟಾಂಜನ ಶಾಸನ ಅದಕ್ಕಿಂತ ಹಳೆಯದೆಂದು ಕೆಲವು ವಿದ್ವಾಂಸರು ವಾದಿಸುತ್ತಾರೆ. ಪರೀಕ್ಷೆಯಲ್ಲಿ ಇಂಥ ಕಡೆ ಒಂದನ್ನು ಗುರುತಿಸಿ ಮುಂದೆ ಹೋಗಲೇಬೇಕು. ಆದರೆ ನಿಮ್ಮ ಟಿಪ್ಪಣಿಯ ಅಂಚಿನಲ್ಲಿ ಆ ಸಂದೇಹವನ್ನು ಬರೆದಿಡಿ. ನಾಲ್ಕು ಉತ್ತರಗಳಲ್ಲಿ ಒಂದು ಸರಿಯೆಂಬ ನಂಬಿಕೆ ಪರೀಕ್ಷೆಗೆ ಬೇಕು; ನಾಲ್ಕೂ ತಪ್ಪಾಗಿರಬಹುದೆಂಬ ಅನುಮಾನ ಸಂಶೋಧನೆಗೆ ಬೇಕು. ಒಳಗೆ ಹೋಗುವುದಕ್ಕಾಗಿ ಆ ಅನುಮಾನವನ್ನೇ ಹೊರಗೆ ಬಿಟ್ಟು ಬಂದವರಿಗೆ ಒಳಗೆ ಮಾಡಲು ಕೆಲಸವಿರುವುದಿಲ್ಲ. ಅಂಚಿನಲ್ಲಿ ಬರೆದಿಟ್ಟ ಆ ಸಾಲುಗಳಲ್ಲಿ ಒಂದು, ಮುಂದೆ ನಿಮ್ಮ ಮಹಾಪ್ರಬಂಧದ ಮೊದಲ ಸಾಲಾಗಲಿ.